ಎರಿ ನೆಲದಾಗ ಮನಿ, ಹಿತ್ತಲದಾಗ ಮೂರ್ ದಿನ ನೀರು. ಪೈಪ್ ಹಾಕಸ್ಬೇಕೋ ಬ್ಯಾಡೋ?

ಬಾಗೇವಾಡಿ_ಪೋರ
ನಮಸ್ಕಾರ್ರೀ ಎಲ್ಲಾರಿಗೂ. ಸ್ವಲ್ಪ ಉದ್ದ ಬರೀತೀನಿ, ಸಿಟ್ಟ ಆಗಬ್ಯಾಡ್ರಿ. ನಮ್ದು ಬಸವನ ಬಾಗೇವಾಡಿ ತಾಲೂಕಿನ್ಯಾಗ ಒಂದ್ ಸಣ್ಣ ಹಳ್ಳಿ, ನಾ ಇರೋದು ಪುಣೆದಾಗ, ಊರಾಗ ಅಪ್ಪ ಅವ್ವ ಇಬ್ಬರ ಅದಾರ. ಮನಿ 2009ರಾಗ ಕಟ್ಟಿಸಿದ್ದು, 30 ಬೈ 40, ಮ್ಯಾಲ ಸ್ಲ್ಯಾಬ್, ಪಾಯಾ ನಾಕ ಫೂಟ್ ತಗದಿದ್ರು ಅಷ್ಟ. ಪೂರಾ ಎರಿ ನೆಲ. ಹಿತ್ತಲದ ಹಿಂದ ದೊಡ್ಡಪ್ಪನ ಎರಡ ಎಕರೆ ಹೊಲ, ಅದು ನಮ್ಮ ಜಾಗಾಕಿಂತ ಏರಿಗೆ ಐತಿ. ಮುಂದ ಸಿಸಿ ರಸ್ತೆ, ಹಳೇದು ಒಡೀದನ ಮ್ಯಾಲಿಂದ ಮ್ಯಾಲ ಮೂರ ಸಲ ಹಾಕ್ಯಾರ. ಮೊದಲ ಎರಡ ಮೆಟ್ಟಲ ಇಳದು ರಸ್ತೆಗೆ ಹೋಗತಿದ್ವಿ, ಈಗ ಹೊಸ್ತಿಲ ರಸ್ತೆಕಿಂತ ನಾಕ ಬಟ್ಟ ಎತ್ರ ಉಳದೈತಿ.

ಈ ಸಲ ಉತ್ತರಿ ಮಳಿ ಒಂದ ರಾತ್ರಿ ಹೊಡೀತು ನೋಡ್ರಿ, ಮುಂಜಾನೆ ಹಿತ್ತಲದಾಗ ಮೊಣಕಾಲ ಮಟ ನೀರು, ಮೂರ್ ದಿನ ಆದ್ರೂ ಇಳೀಲಿಲ್ಲ. ಅವ್ವ ಬಚ್ಚಲಕ್ಕ ಹೋಗಾಕ ಇಟ್ಟಂಗಿ ಮ್ಯಾಲ ಇಟ್ಟಂಗಿ ಇಟ್ಕೊಂಡ ದಾಟ್ಯಾಳ. ಅಡಗಿಮನಿ ಮೂಲ್ಯಾಗ ಕಿಡಕಿ ಕೆಳಗಿಂದ ಓರೆಕ ಒಂದ ಬಿರಕ ಐತಿ, ಬ್ಯಾಸಗ್ಯಾಗ ಅದರಾಗ ಎಂಟಾಣಿ ತೂರತಿತ್ತು, ಈಗ ಕೂದಲ ಗೆರಿ ಅಷ್ಟ ಕಾಣ್ತೈತಿ. ಅಪ್ಪ ಅಂತಾರ, ನೋಡಪಾ ತಾನ ಮುಚ್ಕೊಂಡೈತಿ, ಗ್ವಾಡಿ ಗಟ್ಟಿ ಐತಿ ಅಂತ. ನನಗ ಅದು ಸಮಾಧಾನ ಇಲ್ಲ.

ಊರ ಹತ್ರದ ಒಬ್ಬ ಗುತ್ತಿಗೆದಾರ ಬಂದು ನೋಡಿ ಹೇಳಿದ್ದು ಏನಂದ್ರ, ಮನಿ ಸುತ್ತ ಪಾಯಾಕ್ಕ ಹತ್ತಿ ಎರಡ ಫೂಟ್ ಅಗಲ ಮೂರ ಫೂಟ್ ಆಳ ತಗದು, ಒಳಗ ಬಟ್ಟಿ ಹಾಸಿ, ತೂತಿನ ಪೈಪ್ ಇಟ್ಟು, ಮ್ಯಾಲ ಖಡಿ ತುಂಬಿ, ಕೊನಿಗೆ ಹಿತ್ತಲ ಮೂಲ್ಯಾಗ ಒಂದ ಇಂಗು ಗುಂಡಿಗೆ ಬಿಡೋದು. ಫ್ರೆಂಚ್ ಡ್ರೇನ್ ಅಂತ, ಯೂಟ್ಯೂಬ್‌ನ್ಯಾಗ ವಿಡಿಯೋನೂ ತೋರಿಸಿದ. 1 ಲಕ್ಷ 80 ಸಾವಿರ ಅಂತಾನ. ಅಪ್ಪಗ ಮನಸ ಇಲ್ಲ, ನನಗ ದೂರ ಕುಂತ ಏನೂ ತಿಳೀವಲ್ದು. ಅನುಭವ ಇದ್ದವ್ರು ಹೇಳ್ರಿ.

ಜ್ವಾಳದ_ರೊಟ್ಟಿ
ಅಣ್ಣಾ ಅಷ್ಟ ರೊಕ್ಕ ಯಾಕ, ಒಂದ ಮಡ್ ಪಂಪ್ ತಂದ ಇಡು, ಮಳಿ ಬಂದಾಗ ಬಟನ್ ಒತ್ತು, ಮುಗೀತು. ನಮ್ಮ ಮಾಮಾನ ಮನ್ಯಾಗ ಹಂಗ ಮಾಡ್ಯಾರ.

ಬಾಗೇವಾಡಿ_ಪೋರ
@ಜ್ವಾಳದ_ರೊಟ್ಟಿ ನಮ್ಮೂರಾಗ ನಾಕ ಹನಿ ಬಿದ್ರ ಕರೆಂಟ್ ಮೊದಲ ಹೋಗ್ತೈತಿ ಮಾರಾಯ, ಬಟನ್ ಒತ್ತಾವ್ರು ಯಾರು, 68 ವರ್ಷದ ಅಪ್ಪ?

ಖಾನಾಪುರದ_ಅಕ್ಕ
ತಮ್ಮಾ, ಇಂಗು ಗುಂಡಿ ಮಾಡಸು, ಹಿಂದ ಮುಂದ ನೋಡಬ್ಯಾಡ. ನಮ್ಮ ಕಡೆ ಮಳಿ ನಿಮ್ಮ ಮೂರ್ ಪಟ್ಟ ಬೀಳ್ತದ, ಕಣಕುಂಬಿ ಕಡೆ ಅಂತೂ ಕೇಳೂದ ಬ್ಯಾಡ. ಹಿತ್ತಲದಾಗ ಆರ್ ಫೂಟ್ ಗುಂಡಿ ತಗದು ಕಲ್ಲು ತುಂಬೇವಿ, ಅಂಗಳದ ನೀರೆಲ್ಲಾ ಅರ್ಧಾ ತಾಸಿನ್ಯಾಗ ಒಳಗ. ಹತ್ತ ವರ್ಷ ಆತು, ಒಂದ ಸಲಾನೂ ತುಂಬಿ ನಿಂತಿಲ್ಲ. ಬಾವಿ ನೀರೂ ಏರೇದ.

ಸೈಟ್_ಇಂಜಿನೀರ್_ಬಾಗಲಕೋಟಿ
ಅಕ್ಕಾರ, ನೀವು ಹೇಳಿದ್ದು ನಿಮ್ಮ ಊರಿಗೆ ನೂರಕ್ಕ ನೂರ ಖರೆ. ನಿಮ್ದು ಕೆಂಪು ಜಂಬಿಟ್ಟಿಗಿ ನೆಲ, ಜಾಳಗಿ ಇದ್ದಂಗ, ನೀರ ಕುಡೀತೈತಿ. ಆದ್ರ ಇವರ ನೆಲ ಬ್ಯಾರೆ ಜಾತಿ. ಎರಿ ಮಣ್ಣಿನ ಜೇಡಿ ನೀರ ಕುಡದು ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ಬ್ಯಾಸಗ್ಯಾಗ ಹೊಲದಾಗ ಕೈ ಹೋಗುವಂಥ ಬಿರಕ ಬೀಳ್ತಾವಲ್ಲ, ಮೊದಲನೇ ಮಳಿ ನೀರು ಆ ಬಿರಕಿನ್ಯಾಗ ಸರ್ರ ಅಂತ ಇಳೀತೈತಿ, ಆಮ್ಯಾಲ ಮಣ್ಣು ಉಬ್ಬಿ ಬಿರಕ ಮುಚ್ಚಿದ್ ಕೂಡ್ಲೆ ಬಾಗಲಾ ಹಾಕಿದಂಗ. ಜೇಡಿ ನೆಲದಾಗ ನೀರು ಇಂಗೋದು ತಾಸಿಗೆ 1ರಿಂದ 5 ಮಿಲಿಮೀಟರ್ ಅಷ್ಟ. ಅಲ್ಲಿ ಇಂಗು ಗುಂಡಿ ತಗದ್ರ ಅದು ಇಂಗು ಗುಂಡಿ ಅಲ್ರಿ, ಸೊಳ್ಳಿ ಸಾಕೋ ತೊಟ್ಟಿ.

ಪೋರ ಅವ್ರ, ಆ ಗುತ್ತಿಗೆದಾರಗ ಸದ್ಯಕ್ಕ ಬ್ಯಾಡ ಅನ್ರಿ. ಪಾಯಾಕ್ಕ ಹತ್ತಿ ಮೂರ ಫೂಟ್ ತೆಗ್ಗ ತಗದು ಖಡಿ ತುಂಬಿದ್ರ ಏನಾಗ್ತೈತಿ ಯೋಚನಿ ಮಾಡ್ರಿ. ಸುತ್ತ ನೀರ ಇಂಗದ ಮಣ್ಣು, ನಡುವ ಟೊಳ್ಳ ಖಡಿ. ಅಂಗಳದಾಗಿನ ನೀರೆಲ್ಲಾ ಅಲ್ಲೇ ಬಂದ ಕೂಡ್ತೈತಿ. ಪೈಪಿನ ಬಾಯಿ ಹೊರಗ ಇಳಕಲಿಗೆ ಬಿಟ್ಟಿದ್ರ ಮಾತ ಬ್ಯಾರೆ ಇತ್ತು, ಇಲ್ಲಿ ಅದು ಇಂಗು ಗುಂಡ್ಯಾಗ, ಗುಂಡಿ ತುಂಬಿದ್ರ ನೀರು ವಾಪಸ್ ಬರ್ತೈತಿ. ಅಂದ್ರ ನೀವ 1 ಲಕ್ಷ 80 ಸಾವಿರ ಕೊಟ್ಟು ನಿಮ್ಮ ಪಾಯಾಕ್ಕ ನೀರ ಕುಡಸಾಕ ಬಾನಿ ಕಟ್ಟಿಸಿದಂಗ.

ನನ್ನ ಮಾತ ನಂಬಬ್ಯಾಡ್ರಿ, ನೀವ ನೋಡ್ರಿ. ಹಿತ್ತಲದಾಗ ಒಂದೂವರಿ ಫೂಟ್ ಆಳದ ತೆಗ್ಗ ತಗದು, ನೀರ ತುಂಬಿ ಒಂದ ರಾತ್ರಿ ನೆನಿಯಾಕ ಬಿಡ್ರಿ. ಮರುದಿನ ಮತ್ತ ತುಂಬಿ, ಒಂದ ಕಡ್ಡಿ ನೆಟ್ಟು ಗೆರಿ ಹಾಕಿ, ಎಷ್ಟ ಇಳೀತು ಹೇಳ್ರಿ.

ಗೌಂಡಿ_ಕಾಕಾ_ಮುಧೋಳ
ಇಂಜಿನೀರ್ ಸಾಹೇಬ್ರು ಬರೋಬ್ಬರಿ ಹೇಳ್ಯಾರ. ನಾ 31 ವರ್ಷ ಆತು ಥಾಪಿ ಹಿಡದು. ಎರ್ಯಾಗ ಮನಿ ಬಿರಕ ಬಿಡೋದು ನೀರು ಹೆಚ್ಚಾಗಿ ಅಲ್ಲ, ಒಂದ ಮೂಲಿ ಹಸಿ ಒಂದ ಮೂಲಿ ಒಣಾ ಇದ್ದಾಗ. ಎಲ್ಲಾ ಕೂಡೆ ಉಬ್ಬಿ ಎಲ್ಲಾ ಕೂಡೆ ಇಳದ್ರ ಮನಿ ಹಡಗದಂಗ ಏರಿ ಇಳೀತೈತಿ, ಏನೂ ಆಗೂದಿಲ್ಲ. ಒಂದ ಬಾಜು ಎತ್ತಿದ್ರ ಗ್ವಾಡಿ ಹರೀತೈತಿ. ನಿಮ್ಮ ಬಿರಕ ಅಡಗಿಮನಿ ಮೂಲ್ಯಾಗ ಅಂದ್ರಿ. ನಿಮ್ಮ ಬಚ್ಚಲ ನೀರ ಎಲ್ಲಿಗೆ ಹೋಗ್ತೈತಿ ತಮ್ಮಾ? ಅದನ್ನ ಮೊದಲ ಹೇಳು.

ಮತ್ತ ಆ ಬಿರಕಿಗೆ ಈಗ ಸಿಮೆಂಟ್ ತುಂಬಾಕ ಹೋಗಬ್ಯಾಡ. ನೆಲಾ ಉಬ್ಬಿ ಬಾಯಿ ಮುಚ್ಚೇತಿ, ಶಿವರಾತ್ರಿ ಆದ ಮ್ಯಾಲ ಮತ್ತ ಬಾಯಿ ತಗೀತೈತಿ. ಅಪ್ಪಾಜಿಗೆ ಹೇಳು, ಅದು ವಾಸಿ ಆಗಿಲ್ಲ, ಮಲಗೇತಿ.

ಬಾಗೇವಾಡಿ_ಪೋರ
ಅಪ್ಪಗ ಫೋನಿನ್ಯಾಗ ಹೇಳಿ ತೆಗ್ಗಿನ ಪರೀಕ್ಷೆ ಮಾಡಿಸಿದೆ. ಎರಡನೇ ದಿನ ಮುಂಜಾನೆ ತುಂಬಿದ ನೀರು ಸಂಜಿ ತನಕಾ ಎರಡ ಬಟ್ಟ ಇಳದೈತಿ, ಅದ್ರಾಗ ಬಿಸಲಿಗೆ ಆರಿದ್ದ ಎಷ್ಟೋ. ಇಂಜಿನೀರ್ ಸರ್, ನಿಮಗ ಶರಣು, ಗುತ್ತಿಗೆದಾರಗ ಬ್ಯಾಡ ಅಂದ್ವಿ.

ಕಾಕಾ, ನೀವು ಕೇಳಿದ್ದಕ್ಕ ನಾ ಒಂದ ನಿಮಿಷ ಸುಮ್ನ ಕುಂತೆ. ಬಚ್ಚಲ ನೀರು ಅಡಗಿಮನಿ ಮೂಲಿಯಿಂದ ಹೊರಗ ಬಂದು ಕರಿಬೇವಿನ ಗಿಡಕ್ಕ ಹೋಗ್ತೈತಿ. ಗಿಡಾ ಗ್ವಾಡಿಯಿಂದ ಮೂರ ಫೂಟ್ ದೂರ. 15 ವರ್ಷದಿಂದ ಅದ ಮೂಲ್ಯಾಗ ನೀರು ಕುಡದೈತಿ. ಓಣ್ಯಾಗಿನ ಮಂದಿ ಎಲ್ಲಾ ಒಗ್ಗರಣಿಗೆ ನಮ್ಮ ಮನಿ ಕರಿಬೇವ ಒಯ್ತಾರ, ಅಷ್ಟ ಚಲೋ ಬೆಳದೈತಿ.

ಗೌಂಡಿ_ಕಾಕಾ_ಮುಧೋಳ
ಸಿಕ್ತು ನೋಡು. ಬಚ್ಚಲ ನೀರಿಗೆ ನಾಕಿಂಚಿನ ಗಟ್ಟಿ ಪೈಪ್, ತೂತಿಂದಲ್ಲ ಮತ್ತ, ಮನಿಯಿಂದ ಕಮ್ಮಿ ಅಂದ್ರೂ 15 - 20 ಫೂಟ್ ದೂರ ಒಯ್ದು ಬಾಳಿ ಗಿಡಕ್ಕ ಬಿಡು. ಬಾಳಿ, ಕೆಸವು, ಎಷ್ಟ ನೀರ ಕೊಟ್ರೂ ಬ್ಯಾಡ ಅನ್ನೂದಿಲ್ಲ. ಪೈಪಿಗೆ ಹತ್ತ ಫೂಟಿಗೆ ಒಂದ ಇಂಚಿನಷ್ಟ ಇಳಕಲ ಇರ್ಲಿ.

ಜ್ವಾಳದ_ರೊಟ್ಟಿ
ಅವ್ವಾರಿಗೆ ಕರಿಬೇವು ಕಡೀರಿ ಅಂತ ಹೇಳಾವ್ರು ಯಾರು ಅನ್ನೋದ ಈಗ ಪ್ರಶ್ನೆ 😄

ಸೈಟ್_ಇಂಜಿನೀರ್_ಬಾಗಲಕೋಟಿ
ಕಡಿಯೂದ ಬ್ಯಾಡ್ರಿ, ಕಡದ್ರ ಇನ್ನೊಂದ ಆಟ ಶುರು. ದೊಡ್ಡ ಗಿಡಾ ತನ್ನ ಸುತ್ತಿನ ನೀರ ಹೀರತಿರ್ತೈತಿ, ಒಮ್ಮೆಲೇ ತಗದ್ರ ಅಲ್ಲಿ ಮಣ್ಣು ಹಸಿ ಉಳದು ಉಬ್ಬತೈತಿ. ಕರಿಬೇವು ಸಣ್ಣ ಗಿಡಾ, ಇರ್ಲಿ, ನೀರ ಅಷ್ಟ ಬಂದ್ ಮಾಡ್ರಿ.

ಈಗ ಮಳಿ ಲೆಕ್ಕಾ ಮಾಡೋಣು. ಒಂದ ಚದರ ಮೀಟರ್ ಮ್ಯಾಲ ಒಂದ ಮಿಲಿಮೀಟರ್ ಮಳಿ ಅಂದ್ರ ಒಂದ ಲೀಟರ್. ನಿಮ್ಮ ಸ್ಲ್ಯಾಬ್ 1200 ಚದರಡಿ, ಅಂದ್ರ 111 ಚದರ ಮೀಟರ್ ಹಿಡೀರಿ. ಎರಡ ಇಂಚ್ ಮಳಿ, 50 ಮಿಲಿಮೀಟರ್ ಬಿತ್ತಂದ್ರ ಸುಮಾರು 5,500 ಲೀಟರ್, ಒಂದ ಟ್ಯಾಂಕರ್ ನೀರು. ಅದು ನಾಕೂ ಮೂಲ್ಯಾಗ ಮಾಳಿಗಿ ದೋಣಿಯಿಂದ ಧಪ್ ಅಂತ ಪಾಯಾದ ಬುಡಕ್ಕ ಬೀಳತಿದ್ರ ಅದು ಒಂದ ತಪ್ಪು. ಆದ್ರ ಹಿತ್ತಲದಾಗ ಮೊಣಕಾಲ ಮಟ ನೀರ ಒಂದ ಟ್ಯಾಂಕರ್‌ದಾಗ ಆಗೂದಿಲ್ರಿ.

ಹಿಂದಿನ ಹೊಲ ಎರಡ ಎಕರೆ, 8,000 ಚದರ ಮೀಟರ್ ಮ್ಯಾಲ. ಅದ 50 ಮಿಲಿಮೀಟರಿಗೆ 4 ಲಕ್ಷ ಲೀಟರ್. ನೆಲ ನೆನದು ಉಬ್ಬಿದ ಮ್ಯಾಲ ಅರ್ಧಾ ಹರದ ಬಂದ್ರೂ 2 ಲಕ್ಷ, ಅಂದ್ರ 40 ಟ್ಯಾಂಕರ್ ನಿಮ್ಮ ಹಿತ್ತಲಕ್ಕ. ಅದೂ ಒಂದ ತಾಸಿನ್ಯಾಗ ಬಂತಂದ್ರ ಸೆಕೆಂಡಿಗೆ 55 ಲೀಟರ್. ಆರಿಂಚಿನ ಪಿವಿಸಿ ಪೈಪು ನೂರಕ್ಕ ಒಂದ ಇಳಕಲ ಇದ್ದು ತುಂಬಿ ಹರದ್ರ ಒಯ್ಯೋದ 20 ಲೀಟರ್ ಹತ್ರ ಹತ್ರ. ಮೂರ ಪೈಪ್ ಬೇಕು, ಅದೂ ಕಸಾ ಸಿಗದಿದ್ರ. ಇದಕ್ಕ ಪೈಪ್ ಉತ್ತರ ಅಲ್ಲ, ತೆರದ ಕಾಲುವೆ ಉತ್ತರ.

ಘಟಪ್ರಭಾ_ದಂಡಿ
ಇಷ್ಟೊತ್ತು ಓದಕೋತ ಕುಂತಿದ್ದೆ, ಒಂದ ಮಾತ ಕೇಳ್ತೀನಿ. ದೊಡ್ಡಪ್ಪನ ಹೊಲಕ್ಕ ಒಡ್ಡು ಇರಲಿಲ್ಲೇನ? ಎರಿ ಹೊಲಕ್ಕ ಒಡ್ಡು, ಒಡ್ಡಿಗೆ ಕಲ್ಲಿನ ಕೋಡಿ, ಇದು ನಮ್ಮ ಹಿರ್ಯಾರು ಹಾಕಿದ ಲೆಕ್ಕ. 15 ವರ್ಷ ನಿಲ್ಲದ ನೀರು ಈಗ ನಿಂತೈತಿ ಅಂದ್ರ ಮ್ಯಾಲ ಏನೋ ಬದಲಾಗೇತಿ.

ಹಂಗ ಆ ತೂತಿನ ಪೈಪ್ ಬಗ್ಗೆ ಒಂದ ಮಾತು. ನಮ್ಮ ಕಡೆ ಕಾಲುವೆ ನೀರ ಹಚ್ಚಿ ಹಚ್ಚಿ ಸವಳು ಜವಳು ಆದ ಹೊಲಕ್ಕ ಅದ ಪೈಪ್ ಹಾಕ್ತಾರ, ಕೆಲಸಾ ಮಾಡ್ತೈತಿ. ಆದ್ರ ಅಲ್ಲಿ ನೀರು ತಳದಿಂದ ಮ್ಯಾಲ ಬಂದಿರ್ತೈತಿ, ತಿಂಗಳಗಟ್ಟಲೆ ನಿಧಾನಕ ಬಸದ ಹೋಗಬೇಕು, ಪೈಪಿನ ಬಾಯಿ ಹಳ್ಳಕ್ಕ ಇರ್ತೈತಿ. ನಿಮ್ದು ಮ್ಯಾಲ ಓಡಿ ಬರೋ ನೀರು. ಜ್ವರಕ್ಕ ಕೊಡೋ ಗುಳಿಗಿ ಕಾಲ ಮುರದಾಂವಗ ಕೊಟ್ರ ಹೆಂಗ. 2019ರ ಆಗಸ್ಟ್‌ದಾಗ ನಮ್ಮನಿಗೆ ಹೊಳಿನ ಬಂದಿತ್ತು, ಅದಕ್ಕ ಗಟಾರಾನೂ ಇಲ್ಲ ಪೈಪೂ ಇಲ್ಲ, ಗಂಟು ಕಟ್ಟಿ ದನಾ ಬಿಚ್ಚಿ ಓಡೋದ. ಯಾವ ನೀರು ಅನ್ನೋದ ಮೊದಲ ತಿಳ್ಕೋರಿ.

ಬಾಗೇವಾಡಿ_ಪೋರ
ಇತ್ರಿ. ಹೋದ ಬ್ಯಾಸಗ್ಯಾಗ ದೊಡ್ಡಪ್ಪನ ಮಗ ಜೆಸಿಬಿ ತರಿಸಿ ನಡುವಿನ ಒಡ್ಡು ಕೆಡವಿ ಹೊಲ ಒಂದ ಮಾಡ್ಯಾನ, ಟ್ರ್ಯಾಕ್ಟರ್ ಹೊಳ್ಳಾಕ ತ್ರಾಸ ಆಗ್ತೈತಿ ಅಂತ. ತೊಗರಿ ಸಾಲು ಮ್ಯಾಲಿಂದ ಕೆಳಗ ನೆಟ್ಟಗ ನಮ್ಮ ಹಿತ್ತಲದ ಕಡೆ ಬಿಟ್ಟಾನ. ಕೋಡಿ ಕಲ್ಲು ಎಲ್ಲಿ ಅಂತ ಕೇಳಿದ್ರ ಅವು ಅವರ ದನದ ಕೊಟ್ಟಗಿ ಕಟ್ಟಿಗೆ ಹೋಗ್ಯಾವ. ಅಪ್ಪ ಮತ್ತ ದೊಡ್ಡಪ್ಪ ಆಸ್ತಿ ಹಂಚಿಕಿ ಆದಾಗಿಂದ ಮಾತ ಅಷ್ಟಕ್ಕಷ್ಟ, ಅದಕ್ಕ ಅಪ್ಪ ಇದನ್ನ ನನ್ನ ಮುಂದ ತಗದಿರಲೇ ಇಲ್ಲ.

ವಕೀಲ_ಅಲ್ಲ_ಆದ್ರೂ
ಇಲ್ಲಿ ಕಾನೂನು ಸ್ವಲ್ಪ ತಿಳ್ಕೊಂಡ ಹೋಗ್ರಿ, ಇಲ್ಲಂದ್ರ ಜಗಳದಾಗ ತಪ್ಪ ಮಾತ ಬರ್ತಾವ. 1882ರ ಈಸ್‌ಮೆಂಟ್ ಕಾಯ್ದೆ ಐತಿ, ಅಕ್ಕಪಕ್ಕದ ಜಾಗಾದಾವ್ರ ಹಕ್ಕಿಂದು, ಅದರ 7ನೇ ಕಲಮಿನ್ಯಾಗ ಉದಾಹರಣೆ ಕೊಟ್ಟ ಬರದಾರ: ಏರಿನ ಹೊಲದಾಗ ತಾನ ಬಿದ್ದ ನೀರು, ಯಾವ ಕಾಲುವೆನೂ ಇಲ್ಲದ ಸಹಜವಾಗಿ ಹರದು ಬಂದ್ರ ತಗ್ಗಿನ ಜಾಗಾದಾವ್ರು ಹರಿಯಾಕ ಬಿಡಬೇಕು. ಅಂದ್ರ ನೀವ ಹಿತ್ತಲಕ್ಕ ಅಡ್ಡ ಗ್ವಾಡಿ ಕಟ್ಟಿ ನೀರ ಅವರ ಹೊಲದಾಗ ನಿಲ್ಲಿಸಿದ್ರ ತಪ್ಪು ನಿಮ್ದ ಆಗಬಹುದು. ಆದ್ರ ಒಡ್ಡ ಕೆಡವಿ, ಸಾಲ ತಿರುವಿ, ನೀರ ಒಂದ ಕಡೆ ಕೂಡಿಸಿ ನಿಮ್ಮ ಮ್ಯಾಲ ಬಿಟ್ರ ಅದನ್ನ ಸಹಜ ಹರಿವು ಅನ್ನೋದು ಕಷ್ಟ. ಇದು ಬಾಯಿ ಮಾತಿಗೆ ಅಷ್ಟ, ಕೋರ್ಟಿಗೆ ಹೋಗೋ ಹಂಗಿದ್ರ ಖರೇ ವಕೀಲರನ್ನ ನೋಡ್ರಿ. ನನ್ನ ಕೇಳಿದ್ರ ಕೋರ್ಟ್ ಬ್ಯಾಡ, ಅಣ್ಣ ತಮ್ಮರ ನೀರಿನ ಕೇಸು ಮೊಮ್ಮಕ್ಕಳ ತನಕಾ ನಡೀತಾವ.

ಘಟಪ್ರಭಾ_ದಂಡಿ
ಅವರ ಲಾಭದ ಮಾತ ಆಡ್ರಿ, ನಿಮ್ಮ ನಷ್ಟದ್ದಲ್ಲ. ಇಳಕಲಿಗೆ ಉದ್ದ ಸಾಲ ಬಿಟ್ರ ಅವರ ಮ್ಯಾಲಿನ ಮಣ್ಣ ನಿಮ್ಮ ಹಿತ್ತಲಕ್ಕ ಬರ್ತೈತಿ. ಎರಡ ವರ್ಷದಾಗ ಅವರ ಹೊಲದ ತಲಿ ಬಿಳಿ ಬೀಳ್ತೈತಿ, ಗೊಬ್ಬರಾ ಎಲ್ಲಾ ನಿಮ್ಮ ಬಾಳಿ ಗಿಡಕ್ಕ. ಇದನ್ನ ಹೇಳ್ರಿ, ಒಡ್ಡ ತಾನ ಏಳ್ತೈತಿ.

ಸಿಂದಗಿ_ಮುತ್ಯಾ
ಮಗಾ, ನಾ ಬರಿಯೂದು ಕಡಿಮಿ, ಮೊಮ್ಮಗಳು ಟೈಪ್ ಮಾಡ್ಲಿಕತ್ತಾಳ. ನೀ ಮೂರ್ ದಿನ ನೀರ ಇಳೀಲಿಲ್ಲ ಅಂದಿ. ನಾಕನೇ ದಿನ ಹೆಂಗ ಇಳೀತು? ನಿಧಾನಕ ಆರಿತೋ, ಇಲ್ಲಾ ಒಮ್ಮೆಲೇ ಹೋಯ್ತೋ? ಕೇಳು ನಿಮ್ಮಪ್ಪನ್ನ.

ಬಾಗೇವಾಡಿ_ಪೋರ
ಮುತ್ಯಾ, ನೀವು ಹೆಂಗ ಕೇಳಿದ್ರೋ ಏನೋ! ಅವ್ವ ಅಂತಾಳ, ನಾಕನೇ ದಿನ ಮಧ್ಯಾಹ್ನ ಹಿತ್ತಲದಾಗ ಕೊಟ್ಟಗಿ ಹತ್ರ ಗುಳ್ ಗುಳ್ ಸಪ್ಪಳಾತು, ನೀರು ಸುಳಿ ತಿರಗಿ ಒಳಗ ಹೋತು, ಸಂಜಿಕ ಪೂರಾ ಖಾಲಿ. ಅವ್ವಗ ಅದು ಪುಣ್ಯೇ ಅನಿಸೇತಿ.

ಸಿಂದಗಿ_ಮುತ್ಯಾ
ಪುಣ್ಯೇ ಅಲ್ಲ, ಹಗೇವು, ಕಾಳ ಇಡಾಕ ನೆಲದಾಗ ತಗದ ಗುಂಡಿ. ನಿಮ್ಮ ಅಜ್ಜನ ಕಾಲದಾಗ ಅಲ್ಲಿ ಜ್ವಾಳದ ಹಗೇವು ಇತ್ತೇನ ಕೇಳು. ನಮ್ಮ ಕಡೆ ಮನಿಗೊಂದು ಇರ್ತಿತ್ತು, ಜನತಾ ಅಕ್ಕಿ ಬಂದ ಮ್ಯಾಲ ಬಾಯಿಗೆ ಕಲ್ಲ ಮುಚ್ಚಿ ಮಣ್ಣ ಎಳದು ಮರತ ಬಿಟ್ರು. ಒಳಗ ಆಳು ನಿಂತ್ರೂ ಕಾಣಿಸೂದಿಲ್ಲ, ಅಷ್ಟ ಆಳ. 2009ರ ಸಪ್ಟಂಬರ್ ಕಡೀಕ ಮಳಿ ಹಿಡೀತಲ್ಲ, ಎಷ್ಟೋ ಮಣ್ಣಿನ ಮಾಳಿಗಿ ಕುಂತವು, ನಮ್ಮ ಓಣ್ಯಾಗ ಒಂದ ಗ್ವಾಡಿ ಹಗೇವಿನ್ಯಾಗ ಕುಂತದ್ದ ನಾ ಕಣ್ಣಾರೆ ನೋಡೇನಿ.

ಒಂದ ಮಾತ ಚಂದಾಗಿ ಕೇಳು. ಬಾಯಿ ತಗದ ಕೂಡ್ಲೆ ಯಾರೂ ಇಳೀಬ್ಯಾಡ್ರಿ. ಮುಚ್ಚಿದ ಹಗೇವಿನ್ಯಾಗ ಉಸಿರಾಡೋ ಗಾಳಿ ಇರೂದಿಲ್ಲ. ನಾವು ಕಾಳ ತಗಿಯಾಕ ಸಯಿತ ಬಾಯಿ ತಗದು ಗಾಳಿ ಆಡಾಕ ಬಿಟ್ಟು, ಕಂದೀಲ ಇಳಿಬಿಟ್ಟು ನೋಡತಿದ್ವಿ. ದೀಪ ಆರಿತಂದ್ರ ಮನಷ್ಯಾನೂ ಆರತಾನ.

ಸೈಟ್_ಇಂಜಿನೀರ್_ಬಾಗಲಕೋಟಿ
ಮುತ್ಯಾರ, ಕೈ ಮುಗದೆ. ನನ್ನ 40 ಟ್ಯಾಂಕರ್ ಲೆಕ್ಕದಾಗ ಈ ಸುಳಿ ಎಲ್ಲೂ ಇರಲಿಲ್ಲ.

ಪೋರ ಅವ್ರ, ದೀಪಾ ಉರದ್ರೂ ಒಳಗ ಇಳಿಯೂದ ಬ್ಯಾಡ್ರಿ, ಇಳಿಯೋ ಕೆಲಸಾನ ಇಲ್ಲ. ಮ್ಯಾಲ ನಿಂತ ಪಂಪ್ ಹಾಕಿ ನೀರ ತಗೀರಿ, ಆಮ್ಯಾಲ ಗರಸು, ಅಂದ್ರ ಸಣ್ಣ ಕಲ್ಲ ಕೂಡಿದ ಮಣ್ಣು, ಮ್ಯಾಲಿಂದ ಸುರಿದು ತುಂಬ್ರಿ, ಮ್ಯಾಲಿನ ನಾಕ ಫೂಟ್ ಅಷ್ಟರೆ ಆರ - ಎಂಟ ಇಂಚಿನ ಪದರ ಹಾಕಿ ಸ್ವಲ್ಪ ನೀರ ಹೊಡದು ಧಮ್ಮಸ ಬಡಸ್ರಿ. ಎರಿ ಮಣ್ಣ ತುಂಬಬ್ಯಾಡ್ರಿ, ಕಸಾ ಕಡ್ಡಿ, ಹಳೇ ಮನಿ ಮಣ್ಣು ಅಂತೂ ಬ್ಯಾಡೇ ಬ್ಯಾಡ. ಕಡೀಗೆ ನೆಲಕಿಂತ ಅರ್ಧಾ ಫೂಟ್ ಉಬ್ಬ ಬಿಡ್ರಿ, ಕುಂತ್ಕೋತೈತಿ.

ಗರಸು ಯಾಕ ಅಂದ್ರ ಅದು ಉಬ್ಬೂದಿಲ್ಲ. ಎರಿ ನೆಲದಾಗ ಕಾಲುವೆ ಲೈನಿಂಗ್, ಅಂದ್ರ ಒಳಮೈಗೆ ಹಾಕಿದ ಗಟ್ಟಿ ಹಾಸು, ಎತ್ತಿ ಒಡಿಯೋ ತೊಂದ್ರೆಗೆ ಐಐಟಿ ಬಾಂಬೆಯ ಪ್ರೊ. ಕಟ್ಟಿ ಅವರು ಕೊಟ್ಟ ಉಪಾಯ ಇದ, ಎರಿ ಮ್ಯಾಲ ಉಬ್ಬದ, ಆದ್ರ ಜಿಗಿ ಇರೋ ಮಣ್ಣಿನ ಥರ ಹಾಕೋದು. ನಮ್ಮ ಮಲಪ್ರಭಾ ಕಾಲುವೆ ಕೆಲಸದಾಗೂ ಬಳಸ್ಯಾರ. ನಿಮ್ಮೂರ ಗರಸು ಸ್ವಲ್ಪ ಜಿಗಿ ಇದ್ದದ್ದು ಸಿಕ್ರ ಭಾಳ ಚಲೋ, ಬರೇ ಸಣ್ಣ ಕಲ್ಲಿನ ಗರಸು ನೀರ ಬಿಡ್ತೈತಿ.

ಹೊಸ_ಮನಿ_ಕನಸು
ನಡುವ ಬಾಯಿ ಹಾಕ್ತೀನಿ ಕ್ಷಮಿಸ್ರಿ. ನಾವು ತಿಕೋಟಾ ಕಡೆ ಎರ್ಯಾಗ ಹೊಸದಾಗಿ ಕಟ್ಟಾವ್ರಿದ್ದೀವಿ. ನಾಕ ಫೂಟ್ ಪಾಯಾ ಸಾಕಾಗೂದಿಲ್ಲೇನ?

ಸೈಟ್_ಇಂಜಿನೀರ್_ಬಾಗಲಕೋಟಿ
ಅಂಡರ್‌ರೀಮ್ಡ್ ಪೈಲ್ ಅಂತ ಕೇಳ್ರಿ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ (ಸಿಬಿಆರ್‌ಐ) ಬೆಳಸಿದ್ದು, ಭಾರತೀಯ ಮಾನಕ ಐಎಸ್ 2911ರ 3ನೇ ಭಾಗದಾಗ ಐತಿ. ಬೋರ್ ತಗದು ತಳದಾಗ ಗಡ್ಡಿ ಹಂಗ ಉಬ್ಬು ಮಾಡ್ತಾರ, ಉಬ್ಬಿನ ಅಗಲ ಕಂಬದ ಎರಡೂವರಿ ಪಟ್ಟ, ಸಾಮಾನ್ಯ ಮೂರೂವರಿ ಮೀಟರ್ ಆಳಕ್ಕ ಇಳೀತಾವ. ಮ್ಯಾಲಿನ ಮಣ್ಣು ಕುಣದ್ರೂ ಬೇರು ಕೆಳಗ ಹಿಡದಿರ್ತೈತಿ. ಮಿಕ್ಕಿದ್ದು ಬ್ಯಾರೆ ಪೋಸ್ಟ್ ಹಾಕ್ರಿ, ಅಲ್ಲೇ ಮಾತಾಡೋಣು.

ಗೌಂಡಿ_ಕಾಕಾ_ಮುಧೋಳ
ಎಲ್ಲಾರೂ ಮನಿ ಸುತ್ತ ಏನ ಮಾಡ್ಬೇಕು ಅನ್ನೋದು ಬಿಟ್ರಿ. ಪೋರಾ, ಗ್ವಾಡಿ ಬುಡಕ್ಕ ನಾಕ ಫೂಟ್ ಅಗಲ ಕಟ್ಟಿ ಹಂಗ ಸುತ್ತ ಹೊಡಿಸಬೇಕು. ಒಂದ ಫೂಟ್ ಎರಿ ಕೆತ್ತಿ ತಗದು ಗರಸು ತುಂಬಿ ಬಡಿ, ಮ್ಯಾಲ ದಪ್ಪ ಪ್ಲಾಸ್ಟಿಕ್ ಹಾಳಿ, ಅದರ ಮ್ಯಾಲ ನಾಕಿಂಚ್ ಕಾಂಕ್ರೀಟ್ ಇಲ್ಲಾ ಶಹಾಬಾದ ಫರ್ಶಿ. ಗ್ವಾಡಿ ಕಡೆ ಎತ್ರ, ಹೊರಗಿನ ಕಡೆ ಒಂದೂವರಿ ಇಂಚ್ ತಗ್ಗ. ಗ್ವಾಡಿ ಮತ್ತ ಕಟ್ಟಿ ಕೂಡೋ ಸಂದಿಗೆ ಡಾಂಬರ ಹಚ್ಚು, ಸಿಮೆಂಟ್ ಹಚ್ಚಿದ್ರ ಒಂದ ವರ್ಷಕ್ಕ ಬಿಡ್ತೈತಿ. ಆದ್ರ ಈಗ ಬ್ಯಾಡ. ಈಗ ನೆಲ ಉಬ್ಬೇತಿ, ಈಗ ಫರ್ಶಿ ಹಾಕಿದ್ರ ಮಾರ್ಚಿನ್ಯಾಗ ನೆಲ ಕುಗ್ಗಿ ಕೆಳಗ ಟೊಳ್ಳ ಬೀಳ್ತೈತಿ. ಈ ವರ್ಷ ಗರಸು, ತಾಡಪಾಲಿನ್ಯಾಗ ದಾಟ್ಸು, ಮುಂದಿನ ವರ್ಷ ನೋಡು. ಬಿರಕಿಗೆ ಗಿಲಾವನೂ ಆವಾಗ.

ಇಳಕಲ ನೋಡಾಕ ಕಣ್ಣ ನಂಬಬ್ಯಾಡ. ಎರಿ ಬಯಲು ಕಣ್ಣಿಗೆ ಸಪಾಟ ಕಂಡ್ರೂ ಒಂದ ಫೂಟ್ ಇಳದಿರ್ತೈತಿ. ಯಾವ ಗೌಂಡಿ ಕಡೆನೂ ಲೆವಲ್ ಪೈಪ್ ಇರ್ತೈತಿ, ಪಾರದರ್ಶಕ ನಳಗಿ, ನೀರ ತುಂಬಿ ಎರಡ ತುದಿ ಹಿಡದ್ರ ಆತು. ಒಳಗ ಗಾಳಿ ಗುಳ್ಳಿ ಇರಬಾರ್ದು ಅಷ್ಟ.

ಖಾನಾಪುರದ_ಅಕ್ಕ
ನಾ ಇಂಗು ಗುಂಡಿ ಅಂದದ್ದಕ್ಕ ಬೈಬ್ಯಾಡ್ರಪಾ. ಇಷ್ಟ ವರ್ಷ ಆತು, ಒಂದ ಜಿಲ್ಲಾ ದಾಟಿದ್ರ ಮಣ್ಣು ಇಷ್ಟ ಬ್ಯಾರೆ ಇರ್ತದ ಅಂತ ನಾ ವಿಚಾರನ ಮಾಡಿರಲಿಲ್ಲ. ನನ್ನ ತಂಗಿ ಮನಿ ಬಾದಾಮಿ ಕಡೆ, ಆಕಿಗೂ ಇದನ್ನ ಓದಸ್ತೀನಿ.

ಬಾಗೇವಾಡಿ_ಪೋರ
ಎರಡ ವಾರ ಸುಮ್ನಿದ್ದೆ, ಊರಿಗೆ ಹೋಗಿದ್ದೆ. ಹೇಳೋದು ಭಾಳ ಐತಿ.

ಮೊದಲ ಹಗೇವು. ಅಪ್ಪಗ ಕೇಳಿದ್ರ ನಮ್ಮಲ್ಲಿ ಇರಲಿಲ್ಲ ಅಂದ್ರು. ದೊಡ್ಡಪ್ಪಗ ಕೇಳಾಕ ಹೋಗಬೇಕಾತು, ಯಾಕಂದ್ರ ಅಜ್ಜನ ಕಾಲದ್ದು ಅವರಿಗೇ ನೆನಪಿರೋದು. ಅಪ್ಪನ್ನೂ ಕರಕೊಂಡ ಹೋದೆ, ಬರೂದಿಲ್ಲ ಅಂತ ಕುಂತಿದ್ರು. ದೊಡ್ಡಪ್ಪ ತಾನ ಎದ್ದ ಬಂದು ಕೊಟ್ಟಗಿ ಹತ್ರ ಕೋಲ ಊರಿ, ಇಲ್ಲೇ ಐತಿ, ನಿಮ್ಮಪ್ಪ ಸಣ್ಣಾಂವಿದ್ದಾಗ ಇದರಾಗ ಬಿದ್ದು ಅತ್ತಿದ್ದ, ಇವಗ ನೆನಪಿಲ್ಲೇನ ಅಂದ್ರು. ಅಪ್ಪ ನಕ್ಕ ಬಿಟ್ರು. ಎರಡ ಫೂಟ್ ಅಗದ್ರ ಬಾಯಿ ಕಲ್ಲು, ಒಂದ ಮಗ್ಗಲ ಸರದು ಸಂದಿ ಬಿದ್ದಿತ್ತು. ಕಲ್ಲ ತಗದು ಎರಡ ದಿನ ಬಿಟ್ವಿ, ಸುತ್ತ ಹಗ್ಗ ಕಟ್ಟಿ ಹುಡುಗೂರನ್ನ ದೂರ ಇಟ್ವಿ. ಮುತ್ಯಾ ಹೇಳಿದ್ರಂತ ಕಂದೀಲ ಇಳಿಬಿಟ್ಟ ನೋಡಿದ್ರ ಅರ್ಧಕ್ಕ ಹೋಗೋದ್ರಾಗ ಆರಿತು. ಅಲ್ಲಿಗೆ ಎಲ್ಲಾರೂ ಒಂದ ಹೆಜ್ಜಿ ಹಿಂದ. ಪಂಪ್ ಬಿಟ್ಟು ನೀರ ತಗದು ಐದ ಟ್ರಿಪ್ ಗರಸು ನುಂಗೇತಿ ಅದು.

ಒಡ್ಡಿನ ಮಾತ ದೊಡ್ಡಪ್ಪನ ತಗದ್ರು, ಮಗನ್ನ ನನ್ನ ಮುಂದನ ಬೈದ್ರು. ನಾ ದಂಡಿ ಅಣ್ಣಾರ ಹೇಳಿದಂಗ ಮಣ್ಣ ಕೊಚ್ಚಿ ಹೋಗೋದ ತೋರಿಸಿದೆ, ನಮ್ಮ ಹಿತ್ತಲದಾಗ ಅರ್ಧಾ ಫೂಟ್ ಅವರ ಮಣ್ಣ ಬಂದ ಕುಂತಿತ್ತು. ನೆಲ ಹಸಿ ಇತ್ತಂತ ಎಂಟ ದಿನ ಬಿಸಲಿಗೆ ಕಾದು ಆಮ್ಯಾಲ ಜೆಸಿಬಿ ಹಾಕಿದ್ವಿ, ಇಲ್ಲಂದ್ರ ಅದು ಎರ್ಯಾಗ ಸಿಗಬಿದ್ರ ಅದನ್ನ ತಗಿಯಾಕ ಇನ್ನೊಂದ ಜೆಸಿಬಿ. ಒಡ್ಡು ನೆಟ್ಟಗಾತು, ಕೋಡಿಗೆ ಕೊಟ್ಟಗಿ ಕಲ್ಲು ವಾಪಸ್ ಬಂದಾವ. ಒಡ್ಡಿನ ಕೆಳಗ, ನಮ್ಮ ಮನಿಯಿಂದ 30 ಫೂಟ್ ಮ್ಯಾಲ, ಕಾಲುವೆ ತಗಸೀವಿ: ತಳ ಒಂದ ಫೂಟ್, ಬಾಯಿ ಮೂರ ಫೂಟ್, ಆಳ ಒಂದ ಫೂಟ್, ಊರ ಹಳ್ಳದ ತನಕಾ 160 ಫೂಟ್. ಲೆವಲ್ ಪೈಪ್ ಹಿಡದ ನೋಡಿದ್ರ ಹತ್ತ ಇಂಚ್ ಇಳಕಲ ಸಿಕ್ತು. ನನ್ನ ಕಣ್ಣಿಗೆ ಅದು ಉಲ್ಟಾ ಕಾಣತಿತ್ತು, ಕಾಕಾನ ಮಾತ ಖರೆ.

ಜೆಸಿಬಿ, ಗರಸು, ಬಚ್ಚಲ ಪೈಪ್, ಆಳು ಎಲ್ಲಾ ಕೂಡಿ 41 ಸಾವಿರ, ಅದ್ರಾಗ ಜೆಸಿಬಿದ ಅರ್ಧಾ ದೊಡ್ಡಪ್ಪ ಕೊಟ್ಟಾರ.

ಸೈಟ್_ಇಂಜಿನೀರ್_ಬಾಗಲಕೋಟಿ
160 ಫೂಟಿಗೆ ಹತ್ತ ಇಂಚ್ ಅಂದ್ರ 200ಕ್ಕ ಒಂದ ಹತ್ರ, ಸಾಕು. ಹೆಚ್ಚ ಕಡದಾಗಿದ್ರ ಎರಿ ಕೊರದು ಕೊರಕಲ ಆಗತಿತ್ತು. ದಂಡಿಗೆ ಕರಕಿ ಹಚ್ಚರಿ, ಬೇರ ಹಿಡದ್ರ ಮಣ್ಣ ನಿಲ್ತೈತಿ. ವರ್ಷಕ್ಕೊಮ್ಮೆ ಮಿರಗದ ಮೊದಲ ಹೂಳ ತಗಸೋದ ಮಾತ್ರ ಮರೀಬ್ಯಾಡ್ರಿ, ಮಂದಿ ಕಾಲುವೆ ತಗೀತಾರ, ಮುಂದಿನ ವರ್ಷ ಅದರಾಗ ಉಳ್ಳಾಗಡ್ಡಿ ಹಚ್ಚತಾರ.

ಮಾಳಿಗಿ ನೀರಿಗೆ ಏನ ಮಾಡಿದ್ರಿ?

ಬಾಗೇವಾಡಿ_ಪೋರ
ನಾಕ ಮೂಲಿಗೂ ನಾಕಿಂಚಿನ ಪೈಪ್ ಇಳಿಸಿ ಎರಡ ಕಡೆ ಕೂಡಿಸೀವಿ. ಒಂದು ಸಿಂಟೆಕ್ಸ್‌ಗೆ, ದನಕ್ಕ ಕುಡಿಯಾಕ. ಇನ್ನೊಂದು ಕಾಲುವೆಗೆ. ಅವ್ವಗ ಇದ ಎಲ್ಲಾಕಿಂತ ಖುಷಿ, ಮಳಿ ನೀರಾಗ ಬ್ಯಾಳಿ ಲಗೂನ ಬೇಯ್ತೈತಿ ಅಂತಾಳ.

ವಕೀಲ_ಅಲ್ಲ_ಆದ್ರೂ
ಮುಂದಿನ ಸಿಸಿ ರಸ್ತೆ ಕತಿ?

ಬಾಗೇವಾಡಿ_ಪೋರ
ಅದ ಹಂಗ ಐತಿ. ಪಂಚಾಯ್ತಿಗೆ ಅರ್ಜಿ ಕೊಟ್ಟು, ಮಳ್ಯಾಗ ತಗದ ಫೋಟೋ ಹಚ್ಚಿ, ನಕಲಿನ ಮ್ಯಾಲ ಸಿಕ್ಕಾ ಹಾಕಿಸ್ಕೊಂಡ ಬಂದೀನಿ. ನಾಕನೇ ಸಲ ಹಾಕೋ ಮೊದಲ ಹಳೇದ ಕಿತ್ತರಿ, ಇಲ್ಲಂದ್ರ ಗಟಾರ ಕಟ್ಟರಿ ಅಂತ ಬರದೀನಿ. ನೋಡೋಣು ಅಂದಾರ. ಸದ್ಯಕ್ಕ ಗೇಟಿಗೆ ಅಡ್ಡ ಆರ ಇಂಚಿನ ಉಬ್ಬು ಮಾಡಿಸೀನಿ, ಬೈಕ್ ಹತ್ತತೈತಿ, ನೀರ ಹತ್ತೂದಿಲ್ಲ.

ಜ್ವಾಳದ_ರೊಟ್ಟಿ
ಚಿತ್ತಿ ಮಳಿ ನಿನ್ನೆ ಬಿತ್ತಲ್ಲ, ಏನಾತು ಹೇಳೋ ಮಾರಾಯ, ಇಲ್ಲೆ ಕ್ರಿಕೆಟ್ ಸ್ಕೋರ್ ಕಾದಂಗ ಕಾಯಾಕತ್ತೀವಿ.

ಬಾಗೇವಾಡಿ_ಪೋರ
ರಾತ್ರಿ 11ಕ್ಕ ಶುರು ಆತಂತ. ಅಪ್ಪ ಛತ್ರಿ ಬ್ಯಾಟ್ರಿ ಹಿಡಕೊಂಡ ಹಿತ್ತಲದಾಗ ನಿಂತ ನನಗ ವಿಡಿಯೋ ಕಾಲ್ ಮಾಡಿದ್ರು, ನಾ ಪುಣೆದಾಗ ಹಾಸಗ್ಯಾಗ ಕುಂತ ನೋಡಿದ್ದು ಬರೇ ಕತ್ತಲಿ ಮತ್ತ ಅಪ್ಪನ ಗಂಟಲಾ. ಅಂಗಳದಾಗ ಇಟ್ಟ ನೆಟ್ಟನ ಡಬ್ಬಿಯಾಗ ಮುಂಜಾನೆ ಅಳದ್ರ ಒಂದೂವರಿ ಇಂಚ್ ನೀರು. ಕಾಲುವೆ ಮುಕ್ಕಾಲ ತುಂಬಿ ಹರದೈತಿ. ಹಿತ್ತಲದಾಗ ಬಾಳಿ ಗಿಡದ ಹತ್ರ ಅಷ್ಟ ನಿಂತಿತ್ತು, ಮಧ್ಯಾಹ್ನಕ್ಕ ಇಲ್ಲ. ಆದ್ರ ಹಳ್ಳಕ್ಕ ಕೂಡೋ ಜಾಗಾದಾಗ ದಂಡಿ ಎರಡ ಫೂಟ್ ಕುಸದೈತಿ.

ಘಟಪ್ರಭಾ_ದಂಡಿ
ನೀರ ಧುಮುಕೋ ಜಾಗಾಕ್ಕ ಹಂಗ ಆಗೋದ. ಅಲ್ಲಿ ದೊಡ್ಡ ಕಲ್ಲು ಒಂದರ ಮ್ಯಾಲ ಒಂದು ಮೆಟ್ಟಲ ಹಂಗ ಇಡ್ರಿ, ಸಿಮೆಂಟ್ ಬ್ಯಾಡ, ಕಲ್ಲಿನ ಸಂದ್ಯಾಗ ನೀರಿನ ಸಿಟ್ಟ ಇಳೀತೈತಿ.

ಗೌಂಡಿ_ಕಾಕಾ_ಮುಧೋಳ
ಬಿರಕಿನ ಎರಡೂ ತುದಿಗೆ ಪೆನ್ಸಿಲ್ ಗೆರಿ ಹಾಕಿ ತಾರೀಖ ಬರೀರಿ ಅಂತ ಅಪ್ಪಾಜಿಗೆ ಹೇಳು. ತಿಂಗಳಿಗೊಮ್ಮೆ ನೋಡಿ ಹೊಸಾ ಗೆರಿ ಹಾಕಬೇಕು. ಯುಗಾದಿಗೆ ಫೋಟೋ ಇಲ್ಲೇ ಹಾಕು, ಆವಾಗ ಫರ್ಶಿ ಮಾತ ಆಡೋಣು.

ಬಾಗೇವಾಡಿ_ಪೋರ
ಹೇಳಿದೆ ಕಾಕಾ. ಪೆನ್ಸಿಲ್ ಸಿಗಲಿಲ್ಲಂತ ಅಪ್ಪ ಜಗಲಿ ಮ್ಯಾಲಿನ ಕುಂಕಮಾ ತಗೊಂಡ ಗೆರಿ ಎಳದಾರ. ಅವ್ವ ಮುಂಜಾನೆಯಿಂದ ಬೈಲಿಕತ್ತಾಳ, ಓಣ್ಯಾಗಿನ ಮಂದಿ ಬಂದು ಗ್ವಾಡಿಗೆ ಯಾಕ ಪೂಜಿ ಮಾಡೀರಿ ಅಂತ ಕೇಳ್ತಾರಂತ.